ಕಳ್ಳ ನಗಿಸಿದ, ಖರೆ; ಕದ್ದದ್ದು ಯಾರ ರೊಕ್ಕ?

ತೆರೆಯ ಮೇಲೆ ಹ್ಯಾಕರ್ ಗೆದ್ದರೆ ಸೀಟಿ. ಮನೆಯ ಫೋನಿಗೆ ಒಟಿಪಿ ಕೇಳುವವನು ಬಂದರೆ ಎದೆ ಧಸಕ್. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಪ್ರೇಕ್ಷಕರು ಕಳ್ಳರ ಸಿನಿಮಾಕ್ಕೆ ಅಂಕ ಹಾಕುವ ಲೆಕ್ಕವೇ ಬೇರೆ!

ನಾಲ್ಕನೇ ಶನಿವಾರ, ಅದರ ಬೆನ್ನಿಗೆ ಭಾನುವಾರ. ಎರಡು ರಜೆ ಕಳೆದು 2024ರ ಅಕ್ಟೋಬರ್ 28ರ ಸೋಮವಾರ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯ ಬೀಗ ತೆಗೆದರು. ಕಿಟಕಿಯ ಕಬ್ಬಿಣದ ಸರಳು ತುಂಡಾಗಿತ್ತು. ಲಾಕರ್ ಸೀಳಿತ್ತು. ಸಿಸಿಟಿವಿ ಕ್ಯಾಮೆರಾ ಇತ್ತು, ಅದು ಕಂಡದ್ದನ್ನು ಕೂಡಿಟ್ಟುಕೊಳ್ಳುವ ಡಿವಿಆರ್ ಪೆಟ್ಟಿಗೆ ಇರಲಿಲ್ಲ. ಎಲ್ಲೆಂದರಲ್ಲಿ ಖಾರದ ಪುಡಿ ಚೆಲ್ಲಿತ್ತು. ಜನ ಅಡವಿಟ್ಟಿದ್ದ 17.7 ಕಿಲೊ ಬಂಗಾರ, ಆಗಿನ ಬೆಲೆಗೆ ಸುಮಾರು 13 ಕೋಟಿ ರೂಪಾಯಿಯದು, ಮಾಯವಾಗಿತ್ತು.

ಖಾರದ ಪುಡಿ ಪೊಲೀಸ್ ನಾಯಿಯ ಮೂಗಿಗಾಗಿ.

ನ್ಯಾಮತಿ ಇರುವುದು ದಾವಣಗೆರೆ ಜಿಲ್ಲೆಯಲ್ಲಿ. ಆದರೆ ರಾಣೆಬೆನ್ನೂರಿನ ದಕ್ಷಿಣಕ್ಕೆ ಹೊನ್ನಾಳಿ, ಅದರಾಚೆ ನ್ಯಾಮತಿ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರುವಷ್ಟು ದೂರ. ಬೀಗರು, ಸಂತೆ, ಸಾಲ ಎಲ್ಲವೂ ಆಚೆ ಈಚೆ ಓಡಾಡುತ್ತವೆ. ಹಾಗಾಗಿ ಸುದ್ದಿ ಈ ಕಡೆಯ ಚಹಾದಂಗಡಿಗಳಿಗೆ ಅದೇ ದಿನ ಬಂತು, ಬರುವಾಗಲೇ ವಿಮರ್ಶೆಯನ್ನೂ ಕಟ್ಟಿಕೊಂಡು ಬಂತು. ಬ್ಯಾಡಗಿಯ ಮಂದಿ ಎಲ್ಲಕ್ಕಿಂತ ಮೊದಲು ಪುಡಿಯ ತಪಾಸಣೆಗೆ ನಿಂತರು. “ನಮ್ಮ ಕಾಯಿ ಒಯ್ದಿದ್ರ ನಾಯಿ ಕೆಂಪಗಾಗತಿತ್ತು, ಸೀನತಿದ್ದಿಲ್ಲ. ಗುಂಟೂರು ಒಯ್ದಿರಬೇಕು ಬಿಡ್ರಿ!”

ತಮಾಷೆ ನಿಜ, ಆದರೆ ಅದರೊಳಗೆ ಶಾಸ್ತ್ರವೂ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಆ ಗುಣಕ್ಕೇ.

ಕಳವಾದ ಐದು ತಿಂಗಳ ನಂತರ, 2025ರ ಮಾರ್ಚ್ ಕೊನೆಗೆ ಪೊಲೀಸರು ಆರು ಜನರನ್ನು ಬಂಧಿಸಿದರು. ಮುಖ್ಯ ಆರೋಪಿ ನ್ಯಾಮತಿಯಲ್ಲೇ ಸಿಹಿತಿಂಡಿ ಅಂಗಡಿ ಇಟ್ಟವನು, ಮೂಲ ತಮಿಳುನಾಡಿನ ಕಡೆಯದು. ಪೊಲೀಸರ ಪ್ರಕಾರ, ಅದೇ ಬ್ಯಾಂಕಿನಲ್ಲಿ 15 ಲಕ್ಷದ ಸಾಲ ಕೇಳಿ ಇಲ್ಲ ಅನ್ನಿಸಿಕೊಂಡಿದ್ದ. ಆಮೇಲೆ ‘ಮನಿ ಹೈಸ್ಟ್’ ಎಂಬ ಸ್ಪ್ಯಾನಿಷ್ ವೆಬ್ ಸರಣಿಯನ್ನು ಮತ್ತೆ ಮತ್ತೆ ನೋಡಿದ್ದ. ಯೂಟ್ಯೂಬಿನಲ್ಲಿ ಉಳಿದ ಪಾಠ ಕಲಿತಿದ್ದ. ಬಂಗಾರ ಸಿಕ್ಕಿದ್ದು ಮದುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ. ಈಜುಗಾರರು ಮುಳುಗಿ ಪೆಟ್ಟಿಗೆ ಮೇಲೆತ್ತಿದರು.

“ಥೇಟ್ ಸಿನಿಮಾ ಆತಲ್ಲೋ ಮಾರಾಯಾ!” ಇದು ಎಲ್ಲರ ಬಾಯಲ್ಲೂ ಬಂದ ಮಾತು. ಆದರೆ ನಗು ಅಲ್ಲಿಗೆ ನಿಂತಿತು. ಯಾಕೆಂದರೆ ಎರಡನೇ ಪ್ರಶ್ನೆ ಕೂಡಲೇ ಬಂತು: ಆ ಬಂಗಾರ ಯಾರದು?

ಮೊದಲು ರೊಕ್ಕದ ಮೂಲ ಹೇಳ್ರಿ

ಈ ಮೂರು ಊರುಗಳಲ್ಲಿ ಕಳ್ಳತನದ ಸಿನಿಮಾ ನೋಡಿ ಬಂದವರನ್ನು ಮಾತಿಗೆ ಎಳೆದರೆ ಆ ಪ್ರಶ್ನೆ ಎಲ್ಲಿಂದಾದರೂ ಇಣುಕುತ್ತದೆ. ನಟನೆ, ಹಾಡು, ಫೈಟು ಆಮೇಲೆ. ಕದ್ದದ್ದು ಯಾರ ರೊಕ್ಕ? ಕಳಕೊಂಡವನು ಕಳಕೊಳ್ಳಬೇಕಾದವನೋ, ಪಾಪದವನೋ? ಪಟ್ಟಣದ ವಿಮರ್ಶಕ ಚಿತ್ರಕಥೆಯ ಬಿಗಿ ನೋಡುತ್ತಾನೆ, ಇಲ್ಲಿಯವರು ಪಾಸ್‌ಬುಕ್ ನೋಡುತ್ತಾರೆ. ಯಾವುದು ಒಳ್ಳೆಯ ವಿಮರ್ಶೆ ಎಂದು ಕೇಳಿದರೆ ನಾನಂತೂ ಪಾಸ್‌ಬುಕ್ಕಿನ ಕಡೆ.

‘ಮನಿ ಹೈಸ್ಟ್’ ಬರೆದವರಿಗೂ ಈ ಗುಟ್ಟು ಗೊತ್ತಿತ್ತು. ಅಲ್ಲಿನ ಕಳ್ಳರು ಮೊದಲ ಕಥೆಯಲ್ಲಿ ಬ್ಯಾಂಕ್ ಲೂಟಿ ಮಾಡುವುದಿಲ್ಲ. ಸ್ಪೇನಿನ ಸರ್ಕಾರಿ ನೋಟು ಮುದ್ರಣಾಲಯಕ್ಕೆ ನುಗ್ಗಿ, ಒಳಗೇ ಕುಳಿತು ತಮಗೆ ಬೇಕಾದ ನೋಟು ತಾವೇ ಅಚ್ಚು ಹಾಕುತ್ತಾರೆ. ಯಾರ ಜೇಬಿನಿಂದಲೂ ಒಂದು ಯೂರೊ ಹೋಗಲಿಲ್ಲ ಎನ್ನುವುದು ಅವರ ಮುಖಂಡನ ವಾದ. ಪ್ರೇಕ್ಷಕ ಕಳ್ಳರ ಪಕ್ಷ ಸೇರುವುದೇ ಅಲ್ಲಿ. ನ್ಯಾಮತಿಯಲ್ಲಿ ಆ ವಾದಕ್ಕೆ ಜಾಗವಿರಲಿಲ್ಲ. ಬಿತ್ತನೆಗೆಂದು ಬಳೆ ಒತ್ತೆ ಇಟ್ಟವರು, ಮಗಳ ಕಾಲೇಜು ಫೀಸಿಗೆ ಸರ ಇಟ್ಟವರು ಬ್ಯಾಂಕಿನ ಮುಂದೆ ನಿಂತಿದ್ದರು. ಸರಣಿಯಿಂದ ಕಟರ್ ಹಿಡಿಯುವ ರೀತಿ ಕಲಿತವನು ಅದರ ಜೀವಾಳವನ್ನು ಮಾತ್ರ ಬಿಟ್ಟುಬಿಟ್ಟಿದ್ದ.

ಸಿನಿಮಾವನ್ನೇ ಮೀರಿಸಿದ ಕಳವು ಇನ್ನೊಂದಿದೆ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕಿಲೊ ಬಂಗಾರ ಹೋದಾಗ ಸ್ಥಳದಲ್ಲಿ ಒಂದು ಮಾಟದ ಗೊಂಬೆ ಸಿಕ್ಕಿತು, ತನಿಖೆಯ ದಾರಿ ತಪ್ಪಿಸಲು. ಕೊನೆಗೆ ಬಂಧನವಾದವರಲ್ಲಿ ಆ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರೂ ಒಬ್ಬರು. ಇದನ್ನು ಚಿತ್ರಕಥೆಯಾಗಿ ಬರೆದುಕೊಟ್ಟರೆ ನಿರ್ಮಾಪಕರು “ಗೊಂಬೆ ಅತಿಯಾಯ್ತು” ಎಂದು ತೆಗೆಸುತ್ತಿದ್ದರು.

ನಗಿಸಿದ ಕನ್ನಡದ ಕಳ್ಳರು

ಕನ್ನಡಕ್ಕೆ ಈ ಕುಲದ ಸಿನಿಮಾ ಹೊಸದೇನಲ್ಲ. 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ಮಾಡಿ ರಾಜಕುಮಾರ್ ಕೈಗೆ ಪಿಸ್ತೂಲು ಕೊಟ್ಟಿತು. ವಿಜ್ಞಾನಿಯ ಬಂಗಾರದ ಸೂತ್ರಕ್ಕಾಗಿ ಓಡಾಟ, ಸಿಐಡಿ 999. ಸೂತ್ರ ಕದಿಯುವುದೆಂದರೆ ಈಗಿನ ಮಾತಿನಲ್ಲಿ ಡೇಟಾ ಕಳ್ಳತನವೇ. 1980ರಲ್ಲಿ ಶಂಕರ್‌ನಾಗ್ ತಮ್ಮ ಮೊದಲ ನಿರ್ದೇಶನಕ್ಕೆ ಕಾರುಗಳ್ಳರನ್ನೇ ಆರಿಸಿಕೊಂಡರು. ‘ಮಿಂಚಿನ ಓಟ’ದಲ್ಲಿ ಅನಂತ್‌ನಾಗ್, ಶಂಕರ್, ಲೋಕನಾಥ್ ಮೂವರೂ ಕಳ್ಳರು, ಮೂವರೂ ಜೈಲಿನಿಂದ ಪರಾರಿಯಾಗಲು ಹವಣಿಸುವವರು. ಅದನ್ನು ಮೆಚ್ಚಿದ ಹಿರಿಯರಿಗೆ ಇವತ್ತಿಗೂ ಕಣ್ಣ ಮುಂದೆ ಇರುವುದು ಲೋಕನಾಥರ ಮುಖ. ಕಳ್ಳನಾದರೂ ಮನೆಯ ಅಜ್ಜನಂತಿದ್ದ.

‘ಬೆಲ್ ಬಾಟಂ’ (2019) ಈ ಕಡೆ ಹೆಚ್ಚು ಮಾತಿಗೆ ಬರುವ ಚಿತ್ರ. ಜಯತೀರ್ಥ ನಿರ್ದೇಶನ, ಟಿ.ಕೆ. ದಯಾನಂದ ಕಥೆ, ಪತ್ತೇದಾರಿ ಕಾದಂಬರಿಗಳ ಹುಚ್ಚು ಹತ್ತಿದ ದಿವಾಕರನಾಗಿ ರಿಷಬ್ ಶೆಟ್ಟಿ. ಕಥೆಯ ಎಳೆ ಸರಳ: ಜಪ್ತಿ ಮಾಡಿ ಪೊಲೀಸ್ ಠಾಣೆಯಲ್ಲೇ ಇಟ್ಟ ಮಾಲು ಕಳುವಾಗುತ್ತದೆ. ನಗಲು ಇನ್ನೇನು ಬೇಕು? ಠಾಣೆಯೇ ಕಳಕೊಂಡಿದೆ. ಠಾಣೆಯ ಬೆಂಚಿನ ಮೇಲೆ ಒಮ್ಮೆಯಾದರೂ ಕಾದು ಕುಳಿತವನಿಗೆ ಈ ನಗೆಯಲ್ಲಿ ತುಸು ಹೆಚ್ಚಿನ ಪಾಲು. ಅದರಲ್ಲಿ ನಿರ್ದೇಶಕ ಯೋಗರಾಜ ಭಟ್ಟರೂ ಬಣ್ಣ ಹಚ್ಚಿದ್ದಾರೆ. ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಬೆಳೆದವರು, ಹಾಗಾಗಿ ಹಾವೇರಿ ಜಿಲ್ಲೆಗೆ ಅವರು ‘ನಮ್ಮ ಭಟ್ರು’.

ಅದೇ ವರ್ಷದ ಡಿಸೆಂಬರಿನಲ್ಲಿ ‘ಅವನೇ ಶ್ರೀಮನ್ನಾರಾಯಣ’ ಬಂತು. ದರೋಡೆಕೋರರ ಕೊಳ್ಳೆಯನ್ನೇ ಒಂದು ನಾಟಕದ ತಂಡ ಹೊತ್ತೊಯ್ದು ಬಚ್ಚಿಡುತ್ತದೆ ಎಂಬ ಎಳೆ ಅದರದು. ಜಾತ್ರೆಯಲ್ಲಿ ಕಂಪನಿ ನಾಟಕ ಕ್ಯಾಂಪ್ ಹಾಕುವುದನ್ನು ನೋಡುತ್ತ ಬೆಳೆದ ಈ ಸೀಮೆಯವರಿಗೆ ಆ ಎಳೆ ಬಹಳ ಹಿಡಿಸಿತು. “ಮೂರು ತಾಸು ಯಾಕ ಎಳೆದ್ರು?” ಎಂಬ ತಕರಾರಂತೂ ಇದ್ದೇ ಇದೆ. ನನ್ನದೂ ಅದೇ ತಕರಾರು.

ದಾಖಲೆಗೆ ಇನ್ನೊಂದು: ‘ಮಾಯಾಬಜಾರ್ 2016’. ಪುನೀತ್ ರಾಜಕುಮಾರ್ ಅವರ ಪಿಆರ್‌ಕೆ ನಿರ್ಮಾಣ, ರಾಧಾಕೃಷ್ಣ ರೆಡ್ಡಿ ನಿರ್ದೇಶನ. 2016ರ ನವೆಂಬರ್ 8ರ ನೋಟು ರದ್ದತಿಯ ಗದ್ದಲದಲ್ಲಿ ಕಪ್ಪುಹಣದವರ ಗಂಟಿಗೆ ಕೈಹಾಕುವವರ ಕಥೆ. 2020ರ ಫೆಬ್ರವರಿ ಕೊನೆಗೆ ತೆರೆಕಂಡಿತು, ಎರಡೇ ವಾರಕ್ಕೆ ಕೊರೊನಾ ಚಿತ್ರಮಂದಿರಗಳ ಬಾಗಿಲು ಹಾಕಿಸಿತು. ಕಪ್ಪುಹಣ ಕದ್ದರೆ ಯಾರಿಗೂ ಬೇಸರವಿಲ್ಲ. ಪಾಸ್‌ಬುಕ್ ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ.

ಬಾಕ್ಸ್: ಸಿನಿಮಾ ನೋಡಿ ಆದೇಶ ಹೊರಡಿಸಿದರು!
• 1983ರ ಜೂನ್ 4. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ‘ವಾರ್‌ಗೇಮ್ಸ್’ ನೋಡಿದರು. ಹೈಸ್ಕೂಲ್ ಹುಡುಗನೊಬ್ಬ ಮನೆಯ ಕಂಪ್ಯೂಟರಿನಿಂದ ಸೇನೆಯ ಕಂಪ್ಯೂಟರಿಗೆ ನುಗ್ಗುವ ಕಥೆ ಅದು.
• “ಹೀಗೆ ನಿಜಕ್ಕೂ ಆಗಬಹುದೇ?” ಎಂದು ಅವರು ಸೇನಾ ಮುಖ್ಯಸ್ಥರನ್ನು ಕೇಳಿದರು. ವಿಚಾರಿಸಿಕೊಂಡು ಬಂದ ಜನರಲ್ ಜಾನ್ ವೆಸ್ಸಿ, ಪರಿಸ್ಥಿತಿ ಇನ್ನೂ ಕೆಟ್ಟದಾಗಿದೆ ಎಂದರು.
• ಮರುವರ್ಷ ಕಂಪ್ಯೂಟರ್ ಭದ್ರತೆ ಕುರಿತ ಅಧ್ಯಕ್ಷೀಯ ಆದೇಶ ಹೊರಬಿತ್ತು.
• ಅದೇ ಚಿತ್ರ ಬರೆದ ಲಾರೆನ್ಸ್ ಲ್ಯಾಸ್ಕರ್, ವಾಲ್ಟರ್ ಪಾರ್ಕ್ಸ್ ಜೋಡಿಯೇ 1992ರ ‘ಸ್ನೀಕರ್ಸ್’ ಬರಹಗಾರರ ತಂಡದಲ್ಲೂ ಇದ್ದರು.

ಕೇಕು, ಬಲೂನು ಹಿಡಿದ ಹ್ಯಾಕರ್

2025ರ ಸೆಪ್ಟೆಂಬರ್ 16ರಂದು ರಾಬರ್ಟ್ ರೆಡ್‌ಫೋರ್ಡ್ ತೀರಿಕೊಂಡ ಮೇಲೆ ಅವರ ಹಳೆಯ ಚಿತ್ರಗಳೆಲ್ಲ ಮತ್ತೆ ಮೇಲೆ ಬಂದವು. ಅದರಲ್ಲಿ ‘ಸ್ನೀಕರ್ಸ್’ ಒಂದು. ಕಂಪ್ಯೂಟರ್ ಓದುವ ಹುಡುಗರು ಅದನ್ನು ಈಗ ಮೊಬೈಲಿನಲ್ಲಿ ನೋಡುತ್ತಾರೆ. ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ರಾಣೆಬೆನ್ನೂರಿನಲ್ಲಿ ತರಳಬಾಳು ಸಂಸ್ಥೆಯ ಕಾಲೇಜಿದೆ. ಆ ವಯಸ್ಸಿನವರ ಮೊದಲ ಪ್ರತಿಕ್ರಿಯೆ ನಗು. ಫೋನಿನ ತಂತಿ, ದಪ್ಪ ಮಾನಿಟರ್, ಟೇಪ್ ರೆಕಾರ್ಡರ್! ಅರ್ಧ ತಾಸು ಕಳೆಯುವಷ್ಟರಲ್ಲಿ ನಗು ಬೇರೆ ತರಹದ್ದಾಗುತ್ತದೆ.

ಹಣ ಪಡೆದು ಬ್ಯಾಂಕುಗಳ ಭದ್ರತೆ ಪರೀಕ್ಷಿಸುವ ಒಂದು ಹರಕುಮುರುಕು ತಂಡ. ರೆಡ್‌ಫೋರ್ಡ್ ಮುಖಂಡ, ಜತೆಗೆ ಸಿಡ್ನಿ ಪಾಟಿಯೆ, ಡ್ಯಾನ್ ಐಕ್ರಾಯ್ಡ್, ರಿವರ್ ಫೀನಿಕ್ಸ್. ಇನ್ನೊಬ್ಬ ಕುರುಡ, ಶಬ್ದ ಕೇಳಿಯೇ ರಸ್ತೆ ಪತ್ತೆ ಹಚ್ಚುವವನು. ಯಾವ ಗೂಢಲಿಪಿಯನ್ನಾದರೂ ಬಿಡಿಸಬಲ್ಲ ಒಂದು ಕಪ್ಪು ಪೆಟ್ಟಿಗೆ ಕದಿಯಬೇಕು. ರಕ್ತ ಕಡಿಮೆ, ಕೀಟಲೆ ಹೆಚ್ಚು.

ಅದರಲ್ಲೊಂದು ದೃಶ್ಯ. ಕಾವಲಿನವನು ಬಾಗಿಲ ಗುಂಡಿ ಒತ್ತಿದರೆ ಮಾತ್ರ ಒಳಗೆ ಹೋಗಬಹುದು. ಒಂದು ಕಡೆ ತಂಡದ ಹುಡುಗ ಡೆಲಿವರಿ ಸಾಮಾನಿಟ್ಟುಕೊಂಡು ಅವನ ಜತೆ ಜಗಳ ತೆಗೆಯುತ್ತಾನೆ. ಇನ್ನೊಂದು ಕಡೆ ರೆಡ್‌ಫೋರ್ಡ್ ಎರಡೂ ಕೈಯಲ್ಲಿ ಕೇಕು, ಬಲೂನು ಹಿಡಿದು “ಬೇಗ ಬಾಗಿಲು ತೆಗಿ” ಎಂದು ರೇಗುತ್ತಾರೆ. ತಲೆ ಕೆಟ್ಟ ಕಾವಲುಗಾರ ಗುಂಡಿ ಒತ್ತಿಬಿಡುತ್ತಾನೆ. ಕಂಪ್ಯೂಟರ್ ಮುಟ್ಟಲೇ ಇಲ್ಲ. ಮನುಷ್ಯನ ಅವಸರ ಬಾಗಿಲು ತೆಗೆಯಿತು.

ಈ ದೃಶ್ಯ ನೋಡಿದ ಯಾರಿಗೂ “ಸರ್, ನಿಮ್ಮ ಕೆವೈಸಿ ಇವತ್ತೇ ಕ್ಲೋಸ್ ಆಗ್ತದೆ” ಎಂದು ಅವಸರಿಸುವ ಫೋನು ನೆನಪಾಗದೆ ಇರದು.

ಇನ್ನೊಂದು ಬಾಗಿಲಿಗೆ ಧ್ವನಿಯೇ ಕೀಲಿಕೈ. ಒಬ್ಬ ನೌಕರನನ್ನು ಊಟಕ್ಕೆ ಕರೆದು, ಬೇಕಾದ ಪದಗಳನ್ನು ಮಾತಿನಲ್ಲೇ ಹೊರಡಿಸಿ, ಕದ್ದು ಮುದ್ರಿಸಿ, ತುಂಡು ಜೋಡಿಸಿ ಬಾಗಿಲ ಮುಂದೆ ನುಡಿಸುತ್ತಾರೆ. ಆಗ ಒಂದು ಸಂಜೆಯ ಊಟ ಬೇಕಿತ್ತು. ಈಗ ಎಐಗೆ ನಿಮ್ಮ ಧ್ವನಿಯ ಒಂದು ಸಣ್ಣ ತುಣುಕು ಸಾಕು.

ಈ ಚಿತ್ರದ ಗಣಿತ ಉಪನ್ಯಾಸದ ದೃಶ್ಯಕ್ಕೆ ಸ್ಲೈಡ್ ಬರೆದುಕೊಟ್ಟವರು ಲೆನ್ ಏಡಲ್‌ಮನ್. ಅಂತರ್ಜಾಲದ ಬೀಗಗಳಿಗೆ ಬುನಾದಿ ಹಾಕಿದ ಆರ್‌ಎಸ್‌ಎ ಗೂಢಲಿಪಿಯ ಮೂವರು ಜನಕರಲ್ಲಿ ಒಬ್ಬರು. ಈ ಕೆಲಸಕ್ಕೆ ಅವರು ಕೇಳಿದ್ದು ಇಷ್ಟೇ: ನನ್ನ ಹೆಂಡತಿಗೆ ರೆಡ್‌ಫೋರ್ಡ್ ಅವರನ್ನು ಭೇಟಿ ಮಾಡಿಸಿ! ಮನೆಯಲ್ಲಿ ಒಳ್ಳೆಯ ಹೆಸರು ತೆಗೆದುಕೊಳ್ಳುವ ಸೂತ್ರ ಗೊತ್ತಿದ್ದ ಗಣಿತಜ್ಞ.

ಕೊನೆಗೆ ಆ ತಂಡ ಒಂದು ರಾಜಕೀಯ ಪಕ್ಷದ ಖಾತೆ ಬರಿದು ಮಾಡಿ ದಾನಸಂಸ್ಥೆಗಳಿಗೆ ಹಂಚುತ್ತದೆ. ಅಮೆರಿಕದ ಪ್ರೇಕ್ಷಕರೂ ಒಳಗೊಳಗೆ ನಮ್ಮ ಪ್ರಶ್ನೆಯನ್ನೇ ಕೇಳಿದ್ದಾರೆ, ಚಿತ್ರ ಬರೆದವರು ಅದಕ್ಕೆ ಉತ್ತರ ಸಿದ್ಧ ಇಟ್ಟಿದ್ದಾರೆ.

‘ಗುಳ್ಟು’: ನಗು ಕಡಿಮೆ, ನಡುಕ ಹೆಚ್ಚು

ಕನ್ನಡದ ಹ್ಯಾಕರ್ ಸಿನಿಮಾ ಯಾವುದೆಂದು ಕೇಳಿದರೆ ಯುವಕರು ತಡವಿಲ್ಲದೆ ಹೇಳುವ ಹೆಸರು ‘ಗುಳ್ಟು’. ಜನಾರ್ದನ್ ಚಿಕ್ಕಣ್ಣ ನಿರ್ದೇಶನದ ಮೊದಲ ಚಿತ್ರ. ನವೀನ್ ಶಂಕರ್, ಸೋನು ಗೌಡ, ರಂಗಾಯಣ ರಘು, ಅವಿನಾಶ್ ಇದ್ದಾರೆ. ‘ಲೂಸಿಯಾ’ದ ಪವನ್ ಕುಮಾರ್ ಕೂಡ ನಟಿಸಿದ್ದಾರೆ. ಜನರ ಗುರುತಿನ ಡೇಟಾ ಕಳುವಾಗುವುದೇ ಕಥೆ.

ಅದರ ಕಾಲಬಲ ನೋಡಿ. ಫೇಸ್‌ಬುಕ್ ಬಳಕೆದಾರರ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಕಂಪನಿಗೆ ಹೋಗಿದ್ದು ಬಯಲಾಗಿದ್ದು 2018ರ ಮಾರ್ಚ್ 17ಕ್ಕೆ. ‘ಗುಳ್ಟು’ ತೆರೆಕಂಡಿದ್ದು ಮಾರ್ಚ್ 30ಕ್ಕೆ. ಆಧಾರ್ ಪ್ರಕರಣ ಇನ್ನೂ ಸುಪ್ರೀಂ ಕೋರ್ಟಿನಲ್ಲಿತ್ತು. ಪ್ರಚಾರಕ್ಕೆ ದುಡ್ಡು ಕೊಟ್ಟರೂ ಇಂಥ ಹೊಂದಾಣಿಕೆ ಸಿಗದು. ಆದರೂ ಸಣ್ಣ ಊರುಗಳ ಹೆಚ್ಚಿನ ಪ್ರೇಕ್ಷಕರಿಗೆ ಅದು ತಲುಪಿದ್ದು ಆಮೇಲೆ, ಕೈಯಲ್ಲಿನ ಮೊಬೈಲಿಗೆ.

ಅಭಿಪ್ರಾಯ ಒಡೆಯುವುದು ಇಲ್ಲಿ. ಹುಡುಗರಿಗೆ ನಾಯಕನ ಬುದ್ಧಿ ಇಷ್ಟ. ಕೊನೆಯ ತಿರುವು ಇಷ್ಟ (ನೋಡದವರಿಗಾಗಿ ಬಾಯಿ ಬಿಡುವುದಿಲ್ಲ). ಅವರ ಅಪ್ಪಂದಿರ ಪ್ರಶ್ನೆ ಬೇರೆ.

“ಡೇಟಾ ಕದ್ದ ಅಂದ್ರ ಏನ ಕದ್ದ ತಮ್ಮಾ? ಮನ್ಯಾಗಿನ ಸಾಮಾನು ಎಲ್ಲಾ ಐತಲ್ಲ?”

“ಅಪ್ಪಾ, ಸಾಮಾನು ಇರ್ತೈತಿ. ನಿನ್ನ ಹೆಸರಿನ್ಯಾಗ ಬ್ಯಾರೆಯಾವ ಸಾಲ ತಗೋತಾನ.”

“ಹಂಗಾದ್ರ ಅದು ಕಳವಲ್ಲೋ, ಅದು ಮೈಮ್ಯಾಲೆ ಬರೂದು!”

ಮಾಹಿತಿ ಕಳ್ಳತನವನ್ನು ತೆರೆಯ ಮೇಲೆ ತೋರಿಸುವ ಕಷ್ಟ ಇದೇ. ಲಾಕರ್ ಸೀಳಿದರೆ ಕಾಣುತ್ತದೆ, ಕಾರು ಕದ್ದರೆ ಓಡುತ್ತದೆ. ಹ್ಯಾಕರ್ ಕದಿಯುವಾಗ ಕುರ್ಚಿಯ ಮೇಲೆ ಕುಳಿತಿರುತ್ತಾನೆ. ಅದಕ್ಕೇ ನಿರ್ದೇಶಕರು ಹಸಿರು ಅಕ್ಷರಗಳ ಮಳೆ ಸುರಿಸುತ್ತಾರೆ, ಕೀಬೋರ್ಡ್ ಮೇಲೆ ತಬಲಾ ಬಾರಿಸಿಸುತ್ತಾರೆ, “ಆಕ್ಸೆಸ್ ಗ್ರ್ಯಾಂಟೆಡ್” ಎಂದು ಬರೆಸುತ್ತಾರೆ. ಕಂಪ್ಯೂಟರ್ ಕಲಿತವರು ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಾರೆ, ನಿರ್ದೇಶಕ ಬಯಸದ ಜಾಗದಲ್ಲಿ.

ಕಂಪ್ಯೂಟರ್ ಕಲಿಯದವರ ದೂರು ಇನ್ನೂ ಖಡಕ್ಕು. “ಸಿನಿಮಾದಾಗ ಸರ್ವರ್ ಒಮ್ಮಿಯೂ ಡೌನ್ ಆಗಂಗಿಲ್ಲಲ್ರೀ!” ರೇಷನ್ ಅಂಗಡಿಯ ಮುಂದೆ ಹೆಬ್ಬೆಟ್ಟು ಒತ್ತಿ ಒತ್ತಿ ಸುಸ್ತಾದವರ ಮಾತಿದು. ಪಹಣಿ ತೆಗೆಸಲು ನಾಡಕಚೇರಿಗೆ ಎರಡು ಸಲ ಹೋಗಿ ಬಂದವರಿಗೆ, ಜಗತ್ತಿನ ಅತಿ ಭದ್ರ ಕಂಪ್ಯೂಟರ್ ಹನ್ನೊಂದು ಸೆಕೆಂಡಿನಲ್ಲಿ ತೆರೆದುಕೊಂಡರೆ ನಂಬಿಕೆ ಹೇಗೆ ಬರಬೇಕು?

ಬ್ಯಾಡಗಿಯವರಿಗೆ ಪರದೆ ಹೊಸದಲ್ಲ

ಕಂಪ್ಯೂಟರ್ ಪರದೆಯ ಮೇಲಿನ ಅಂಕಿಯನ್ನು ಉಸಿರು ಬಿಗಿಹಿಡಿದು ನೋಡುವುದು ಬ್ಯಾಡಗಿಯಲ್ಲಿ ಸಿನಿಮಾದ ದೃಶ್ಯವಲ್ಲ, ಸೋಮವಾರ ಮತ್ತು ಗುರುವಾರದ ವಹಿವಾಟು. ಸುಗ್ಗಿಯಲ್ಲಿ ಈ ಮಾರುಕಟ್ಟೆಗೆ ದಿನವೊಂದಕ್ಕೆ ಲಕ್ಷಗಟ್ಟಲೆ ಚೀಲ ಬರುತ್ತವೆ. ಬಳ್ಳಾರಿ, ರಾಯಚೂರಿನಿಂದ, ಗಡಿಯಾಚೆಯ ಆಂಧ್ರದಿಂದಲೂ.

ದಲಾಲಿ ಅಂಗಡಿಯ ಮುಂದೆ ಚೀಲ ಇಳಿಯುತ್ತದೆ, ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಕಾಯಿ ಮುರಿದು, ಮೂಸಿ, ಬಣ್ಣ ನೋಡಿ ಮುಂದೆ ಹೋಗುತ್ತಾರೆ. ಯಾರು ಎಷ್ಟು ಬರೆದರೆಂದು ಇನ್ನೊಬ್ಬರಿಗೆ ತಿಳಿಯದು. ದರ ಇ-ಟೆಂಡರಿನಲ್ಲಿ ದಾಖಲಾಗುತ್ತದೆ. ಹೊತ್ತು ಮುಗಿದ ಮೇಲೆ ಪ್ರತಿ ಲಾಟಿನ ಅತಿ ಹೆಚ್ಚಿನ ದರ ಹೊರಬೀಳುತ್ತದೆ. ಒಪ್ಪಿಗೆಯಾಗದಿದ್ದರೆ ರೈತ ಬೇಡ ಅನ್ನಬಹುದು. ಇಂಥ ವಹಿವಾಟಿಗೆಂದೇ ರಾಜ್ಯ ಸರ್ಕಾರದ ಪಾಲುದಾರಿಕೆಯ ಇ-ಮಾರ್ಕೆಟ್ ಸಂಸ್ಥೆ 2014ರಲ್ಲಿ ಹುಟ್ಟಿತು.

ಗುಟ್ಟಾಗಿ ದರ ಹೇಳುವ ವಿದ್ಯೆ ಮಾತ್ರ ಕಂಪ್ಯೂಟರಿಗಿಂತ ಬಹಳ ಹಳೆಯದು. ಜಾನುವಾರು ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವವರನ್ನು ನೋಡಿದವರಿಗೆ ಗೂಢಲಿಪಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಸುತ್ತ ನೂರು ಕಣ್ಣು, ಅಂಕಿ ಮಾತ್ರ ಇಬ್ಬರಿಗೇ ಗೊತ್ತು.

ಇಂಥ ಊರಿನಲ್ಲಿ 2024ರ ಮಾರ್ಚ್ 11ರಂದು ದರ ಒಮ್ಮೆಲೇ ಕುಸಿಯಿತು. ದೂರದಿಂದ ಬಂದಿದ್ದ ರೈತರ ಸಿಟ್ಟು ಎ‍ಪಿಎಂಸಿ ಕಚೇರಿಗೆ ತಿರುಗಿತು. ಕಚೇರಿ ಧ್ವಂಸವಾಯಿತು, ವಾಹನಗಳು ಹೊತ್ತಿ ಉರಿದವು, ಬೆಂಕಿ ಆರಿಸಲು ಬಂದ ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಅಲ್ಲಿ ಹ್ಯಾಕರ್ ಇರಲಿಲ್ಲ, ಕಳ್ಳ ಇರಲಿಲ್ಲ. ಪರದೆಯ ಮೇಲೊಂದು ಸಣ್ಣ ಅಂಕಿ ಇತ್ತು. ವರ್ಷದ ದುಡಿಮೆ ಅಂಕಿಯಾಗಿ ಕುಗ್ಗುವುದನ್ನು ಕಂಡ ಊರು ಕಂಪ್ಯೂಟರ್ ಕಳ್ಳತನದ ಸಿನಿಮಾವನ್ನು ಬೆಂಗಳೂರಿನ ಮಲ್ಟಿಪ್ಲೆಕ್ಸಿನ ಹಾಗೆ ಪಾಪ್‌ಕಾರ್ನ್ ತಿನ್ನುತ್ತ ನೋಡುವುದಿಲ್ಲ.

ನಿಜಜೀವನದ ಹ್ಯಾಕಿಂಗ್ ಕೂಡ ಅಷ್ಟು ಮೋಜಿನದೇನಲ್ಲ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಬಿದ್ದು 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಹರಿಯಿತು. ಅದು ಟೆಂಡರ್ ಹಾಕಿದ ಗುತ್ತಿಗೆದಾರರ ಠೇವಣಿಯ ಹಣ. ಮುಂದೆ ಅದು ಬಿಟ್‌ಕಾಯಿನ್ ಪ್ರಕರಣದ ಜತೆ ಬೆಸೆದುಕೊಂಡು ವಿಧಾನಸೌಧದವರೆಗೆ ಗದ್ದಲ ಎಬ್ಬಿಸಿತು. ಗುತ್ತಿಗೆದಾರರ ದುಡ್ಡೆಂದಾಗ ಕೆಲವರು ಮುಗುಳ್ನಕ್ಕದ್ದೂ ಉಂಟು. ಪಾಸ್‌ಬುಕ್ ಪರೀಕ್ಷೆಗೆ ಪಕ್ಷಪಾತವೂ ಇದೆ, ಏನು ಮಾಡುವುದು!

ಬಾಕ್ಸ್: ಫೋನು ಬಂದರೆ
• ಆನ್‌ಲೈನ್ ವಂಚನೆಯಾದರೆ ಕೂಡಲೇ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ.
• ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲಿ ಇಲ್ಲ. ವಿಡಿಯೊ ಕಾಲ್ ಮೇಲೆ ಯಾವ ಪೊಲೀಸರೂ ಬಂಧಿಸುವುದಿಲ್ಲ.
• ಜಿಲ್ಲೆಗಳ ಸೈಬರ್ ಅಪರಾಧ (ಸಿಇಎನ್) ಠಾಣೆಗಳಲ್ಲಿ ದೂರು ಕೊಡಬಹುದು.
• ದೇಶದ ಮೊದಲ ಸೈಬರ್ ಅಪರಾಧ ಠಾಣೆ ತೆರೆದದ್ದು ಬೆಂಗಳೂರಿನಲ್ಲಿ, 2001ರಲ್ಲಿ.

ಒಂದೇ ವಾರಾಂತ್ಯ, ಎರಡು ಬಗೆಯ ಕಳ್ಳತನ

ನ್ಯಾಮತಿಯ ಬ್ಯಾಂಕಿಗೆ ರಜೆ ಇದ್ದ ಅದೇ ಭಾನುವಾರ, 2024ರ ಅಕ್ಟೋಬರ್ 27, ಪ್ರಧಾನಿ ಮೋದಿ ‘ಮನ್ ಕಿ ಬಾತ್’ನಲ್ಲಿ ‘ಡಿಜಿಟಲ್ ಅರೆಸ್ಟ್’ ವಂಚನೆ ಕುರಿತು ಮಾತಾಡಿದರು. ಉದಾಹರಣೆಗೆ ಕೇಳಿಸಿದ ಧ್ವನಿಮುದ್ರಣ ನಮ್ಮ ವಿಜಯಪುರದ ವ್ಯಕ್ತಿಯದು. ಪೊಲೀಸ್ ವೇಷದವನೊಬ್ಬ ವಿಡಿಯೊ ಕಾಲ್‌ನಲ್ಲಿ ಅವರನ್ನು ಬೆದರಿಸುತ್ತಿದ್ದ.

ಒಂದು ಕಡೆ ಗ್ಯಾಸ್ ಕಟರ್, ಖಾರದ ಪುಡಿ. ಇನ್ನೊಂದು ಕಡೆ ಬಾಡಿಗೆ ಖಾಕಿ, ಒಂದು ಫೋನು. ಮೊದಲನೆಯದರ ಬಂಗಾರ ಬಾವಿಯಿಂದ ಮೇಲೆ ಬಂತು. ಎರಡನೆಯ ಬಗೆಯಲ್ಲಿ ಹೋಗುವ ಹಣಕ್ಕೆ ಬಾವಿಯೂ ಇಲ್ಲ, ದಡವೂ ಇಲ್ಲ. ಸಿನಿಮಾದವರು ಈವರೆಗೆ ಹೆಚ್ಚು ಬೆನ್ನು ಹತ್ತಿದ್ದು ಮೊದಲನೆಯದನ್ನು. ಜನ ಹೆದರುವುದು ಎರಡನೆಯದಕ್ಕೆ. ಈ ಅಂತರ ಪ್ರೇಕ್ಷಕರಿಗೆ ಗೊತ್ತಿದೆ. “ಫೋನಿನ್ಯಾಗ ಕದಿಯೋರದು ಒಂದು ನಗಿ ಸಿನಿಮಾ ಮಾಡ್ರಲಾ, ನಮ್ಮ ಅವ್ವಗ ತೋರಸ್ತೀವಿ” ಎಂಬುದು ಕಾಲೇಜು ಹುಡುಗಿಯರ ಬೇಡಿಕೆ. ಎಚ್ಚರಿಕೆಯ ಭಾಷಣ ಅವ್ವಂದಿರು ಕೇಳುವುದಿಲ್ಲ, ಸಿನಿಮಾ ನೋಡುತ್ತಾರೆ.

ಒಳಗೆ ಹೋಗುವ ಗುಟ್ಟಿನ ಮಾತು ಬಂದಾಗ ಇಲ್ಲಿ ಇನ್ನೊಂದು ಕಥೆಯೂ ತಪ್ಪದೆ ಬರುತ್ತದೆ. 2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನ ಜತೆ ಸಿನಿಮಾ ನೋಡಲು ಬೆಂಗಳೂರಿನ ಮಾಲ್ ಒಂದಕ್ಕೆ ಹೋದರು. ಟಿಕೆಟ್ ಇತ್ತು. ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಗೆ ಹೋಯಿತು, ಸರ್ಕಾರ ಮಾಲ್ ಬಾಗಿಲನ್ನು ಏಳು ದಿನ ಹಾಕಿಸಿತು. ನಮ್ಮವರ ಟಿಪ್ಪಣಿ ಚುಟುಕು: “ಎಷ್ಟ ಹ್ಯಾಕ್ ಮಾಡಿದ್ರೂ ಪಾಸ್‌ವರ್ಡ್ ಪ್ಯಾಂಟ್ ಅಂತ ಗೊತ್ತಾಗತಿದ್ದಿಲ್ಲ.”

ನನ್ನ ತೀರ್ಪು ಕೇಳಿದರೆ ಹೀಗಿದೆ. ನಗುವಿಗೆ ‘ಬೆಲ್ ಬಾಟಂ’, ಬುದ್ಧಿಗೆ ‘ಗುಳ್ಟು’, ಹಳೆಯ ಪ್ರೀತಿಗೆ ‘ಮಿಂಚಿನ ಓಟ’. ನಗುವೂ ಹ್ಯಾಕಿಂಗೂ ಒಂದೇ ಟಿಕೆಟಿನಲ್ಲಿ ಸಿಗುವ, ‘ಸ್ನೀಕರ್ಸ್’ ಪಕ್ಕ ಕೂರಿಸಬಹುದಾದ ಕನ್ನಡ ಚಿತ್ರಕ್ಕೆ ಜಾಗ ಖಾಲಿಯೇ ಇದೆ. ಅದನ್ನು ಬರೆಯಲು ಹೊರಟವರು ಲ್ಯಾಪ್‌ಟಾಪ್ ಮಡಚಿ, ಸುಗ್ಗಿಯ ಯಾವುದಾದರೂ ಸೋಮವಾರ ಬ್ಯಾಡಗಿಗೆ ಬನ್ನಿ. ಟೆಂಡರ್ ಮುಗಿಯುವವರೆಗೆ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಜನರ ಮಾತು ಕೇಳಿಸಿಕೊಳ್ಳಿ. ಬರುವಾಗ ಮೂಗಿಗೊಂದು ಟವೆಲ್ ಇರಲಿ.